ಜೋರು ಹೋದರಷ್ಟೇ ಕಾಣುವ ಗಾಜು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಅಳಿಯನ ಕಾರಿನಲ್ಲಿ ಹೊರಟೆ. ಧೋ ಎಂದು ಮಳೆ, ಆದರೂ ಅವನು ವೈಪರ್ ಹಾಕಲಿಲ್ಲ.

"ಗಾಜಿಗೆ ನೀರು ನಿಲ್ಲದಂಥಾ ಔಷಧ ಹಚ್ಚಿಸೇನ್ರಿ ಅತ್ತಿ. ವೈಪರ್ ತಿಕ್ಕಿದ್ರ ಸವೀತದ. ಜೋರ ಹೋದ್ರ ನೀರು ತಾನ ಹಾರ್ತದ."

ನಿಜ, ವೇಗ ಹೆಚ್ಚಿದಂತೆ ಹನಿಗಳು ಇರುವೆ ಸಾಲಿನಂತೆ ಮೇಲಕ್ಕೆ ಓಡಿದವು. ನವಲೂರಿನ ಬಳಿ ಪೇರಲ ಬುಟ್ಟಿ ಹೊತ್ತವಳೊಬ್ಬಳು ರಸ್ತೆ ದಾಟುತ್ತಿದ್ದಳು. ಅಳಿಯ ಬ್ರೇಕ್ ಒತ್ತಿದ. ಕಾರು ನಿಧಾನವಾದದ್ದೇ ತಡ, ಹನಿಗಳು ಗಾಜಿನ ಮೇಲೆ ಕೂತುಬಿಟ್ಟವು, ಅವಳೇ ಕಾಣದಾದಳು. ಓಡುವಾಗ ಮಾತ್ರ ಕಾಣಿಸಿ, ನಿಲ್ಲಿಸುವಾಗ ಕುರುಡು ಮಾಡುವ ಇದೆಂಥ ಔಷಧ!

ಕಾರು ನಿಂತಿತು. ಅವಳು ಬಂದು ಬಾನೆಟ್ ಬಡಿದಳು. "ಕಣ್ಣ ಕಾಣೂದಿಲ್ಲೇನೋ ನಿನಗ?"

ನಾನೇ ಕಿಟಕಿ ಇಳಿಸಿದೆ.

"ಕಾಣೂದಿಲ್ಲ ತಂಗಿ. ಔಷಧ ಸವದೀತಂತ ಗಾಜ ಒರಸೂದಿಲ್ಲ ನಮ್ಮ ಅಳಿಯಾ."