ಅಖಾಡದ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ನಮ್ಮ ಯಜಮಾನರಿಗೆ ದೇವರಿಗಿಂತ ಚಪ್ಪಲಿಯ ಮೇಲೆ ಭಕ್ತಿ ಹೆಚ್ಚು. ಮದುವೆಯಾದ ಹೊಸತರಲ್ಲಿ ಆವನಿ ಬೆಟ್ಟಕ್ಕೆ ಹೋದಾಗ ಅವರ ಹೊಸ ಚಪ್ಪಲಿ ಕಳುವಾಗಿ, ಕಾದ ಬಂಡೆಯ ಮೇಲೆ ಕುಣಿಯುತ್ತ ಇಳಿದಿದ್ದರು. ಅಂದಿನಿಂದ ಯಾವ ಗುಡಿಗೆ ಹೋದರೂ ಬಾಗಿಲಲ್ಲೇ ಕೂತುಬಿಡುತ್ತಿದ್ದರು.

"ನೀನು ಹೋಗ್ಬಾರೇ, ಚಪ್ಲಿ ನಾನು ನೋಡ್ಕೋತೀನಿ."

ನಾನು ಹೊರಗೆ ಬಂದ ಕೂಡಲೇ "ಒಳಗೇನಿತ್ತೇ?" ಎನ್ನುವರು. ಬಸ್ಸು ಹತ್ತಿ ಮುಳಬಾಗಿಲಿನ ನಮ್ಮ ಮನೆ ಸೇರುವವರೆಗೂ ಒಂದೊಂದು ಕಂಬದ ವರ್ಣನೆಯೂ ಆಗಬೇಕು. ಕುರುಡುಮಲೆಯ ದೊಡ್ಡ ಗಣಪನನ್ನೂ ಅವರು ಹಾಗೇ ಕೇಳಿ ತಿಳಿದದ್ದು. "ಹೆಂಡ್ತಿ ಕಣ್ಣಲ್ಲಿ ದೇವ್ರು ನೋಡೋ ಗಂಡಸು ನೀವೊಬ್ರೇ ಕಣ್ರೀ" ಎಂದು ರೇಗಿಸುತ್ತಿದ್ದೆ.

ಅವರು ತೀರಿಕೊಂಡ ಮೇಲೆ ಒಂದು ಪ್ರವಾಸದ ಗುಂಪಿನ ಜೊತೆ ಇಟಲಿಗೆ ಹೋದೆ. ಗುಂಪಿನಲ್ಲಿ ಎಲ್ಲರೂ ಜೋಡಿ ಜೋಡಿ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ನನ್ನ ಬ್ಯಾಗು. ಒಂದು ಊರಿನಲ್ಲಿ ರೋಮನ್ನರ ಕಾಲದ ಆಂಫಿಥಿಯೇಟರ್ ತೋರಿಸಲು ಇಳಿಸಿದರು. ನಡುವೆ ಮಣ್ಣಿನ ಅಖಾಡ, ಸುತ್ತ ಕಲ್ಲಿನ ಮೆಟ್ಟಿಲುಗಳು. ಮನುಷ್ಯರೂ ಮೃಗಗಳೂ ಹೊಡೆದಾಡಿ ಸಾಯುವುದನ್ನು ಊರಿಗೆ ಊರೇ ಕೂತು ನೋಡುತ್ತಿತ್ತಂತೆ.

ಹಳೆಯ ಕಲ್ಲುಬಾಗಿಲು ಕಂಡದ್ದೇ ತಡ, ನನಗರಿವಿಲ್ಲದೆ ಚಪ್ಪಲಿ ಬಿಟ್ಟೆ. "ನೋಡ್ಕೊಳ್ರೀ" ಎಂದು ಹೇಳಿಯೂಬಿಟ್ಟೆ. ಹಿಂದೆ ಬರುತ್ತಿದ್ದ ನಮ್ಮ ಗುಂಪಿನ ಹೆಂಗಸೊಬ್ಬಳು ನಕ್ಕಳು.

"ಆಂಟೀ, ಇದು ಗುಡಿಯಲ್ಲ. ಹಾಕ್ಕೊಂಡೇ ಬನ್ನಿ."

ನನಗೆ ರೇಗಿಹೋಯಿತು. "ಅಷ್ಟು ಜನ ಸತ್ತಿರೋ ಜಾಗ ಕಣಮ್ಮ. ಬರಿಗಾಲಲ್ಲಿ ಹೋದ್ರೆ ಏನ್ ಗಂಟು ಹೋಗುತ್ತೆ?" ಎಂದು ಹಾಗೇ ಒಳಗೆ ನಡೆದೆ.

ಉಳಿದವರು ಒಬ್ಬರ ಫೋಟೊ ಒಬ್ಬರು ತೆಗೆಯುತ್ತಿದ್ದರು. ನಾನು ಮೆಟ್ಟಿಲ ಮೇಲೆ ಒಬ್ಬಳೇ ಕೂತು, ಹಳೇ ಚಾಳಿಯಂತೆ ಎಲ್ಲವನ್ನೂ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡೆ: ಮೃಗಗಳನ್ನು ಕೂಡಿಹಾಕುತ್ತಿದ್ದ ಕತ್ತಲೆ ಗೂಡು, ಜನ ಕೂತು ಕೂತು ಸವೆದ ಕಲ್ಲು, ಆ ಕಲ್ಲಿನ ಬಿರುಕಿನಲ್ಲಿ ನಮ್ಮ ಕಡೆ ತಾಯಲೂರಿನ ಹೊಲದ ಬದುಗಳ ಮೇಲೆ ಬೆಳೆಯುವಂಥದೇ ಹುಲ್ಲು. ಹುಲ್ಲಿನ ವಿಷಯ ಬಾಯಲ್ಲಿ ಹೇಳಿದರೆ ಅವರು ನಂಬುವುದಿಲ್ಲ ಅನ್ನಿಸಿ, ಒಂದು ಎಳೆ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಗಂಟು ಬಿಗಿಯುವಾಗ ನೆನಪಾಯಿತು, ಬಾಗಿಲಲ್ಲಿ ಕಾದು ಕೂತಿರಲು ಅವರೇ ಇಲ್ಲ.

ಹೊರಗೆ ಬಂದೆ. ಚಪ್ಪಲಿ ಬಿಟ್ಟಲ್ಲೇ ಇದ್ದವು, ಯಾರೂ ಮುಟ್ಟಿರಲಿಲ್ಲ. ಮೆಟ್ಟಿಕೊಂಡು ಬಸ್ಸು ಹತ್ತಿದೆ. ಒಳಗೇನಿತ್ತು ಎಂದು ಯಾರೂ ಕೇಳಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಒಳಗೆ ಹೋಗಿ ನೋಡಿ ಬಂದವರೇ.