ತಿರುಗಿ ನಿಂತ ಚಪ್ಪಲಿ

ದೆವ್ವ ಕಂಡೆ ಎಂದವರನ್ನು ಗೇಲಿ ಮಾಡುತ್ತಿದ್ದವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ತೊಂಬತ್ತರ ದಶಕದಲ್ಲಿ ಹರದನಹಳ್ಳಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ. ನೀವು ಹೇಗೆ ಬೇಕಾದರೂ ತಿಳಿದುಕೊಳ್ಳಿ.

ರೇಷ್ಮೆ ಸಾಕಣೆ ಕಲಿಸಲು ಬಂದಿದ್ದ ಜಪಾನಿನ ಹಿರಿಯರೊಬ್ಬರು ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದರು. ಬಂದ ವಾರದಲ್ಲೇ ಮಂಚ, ಕುರ್ಚಿ, ಕ್ಯಾಲೆಂಡರು ಎಲ್ಲವನ್ನೂ ಕೆಳಗಿಳಿಸಿದರು. ನೆಲಕ್ಕೆ ಚಾಪೆ, ಊರ ಆಚಾರಿಯಿಂದ ಮಾಡಿಸಿದ ಪಕ್ಕಕ್ಕೆ ಸರಿಯುವ ಕಾಗದದ ಬಾಗಿಲು, ಗೋಡೆಯ ಗೂಡಿನಲ್ಲಿ ಒಂದೇ ಒಂದು ಕಣಗಿಲೆ ಹೂವು. ಅಷ್ಟೇ.

"ಏನ್ಲಾ ಇದು, ಸಾವಾದ್ ಮನೆ ಥರ ಬೋಳ್ ಮಾಡ್ಬುಟ್ಟವ್ನಲ್ಲ ಈ ಜಪಾನಪ್ಪ!" ಎಂದು ಅವ್ವ ಗೊಣಗಿದಳು.

ನನಗೋ, ಆ ಕಾಗದದಿಂದ ಸೋಸಿ ಬರುವ ಬೆಳಕಿನಲ್ಲಿ ಕೂತರೆ ಏಳುವ ಮನಸ್ಸೇ ಆಗುತ್ತಿರಲಿಲ್ಲ. ಇಷ್ಟು ಕಡಿಮೆಯಲ್ಲಿ ಇಷ್ಟು ಚೆಂದ ಇರಬಹುದೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಹೊರಡುವಷ್ಟರಲ್ಲಿ ಅವರು ಬಾಗಿಲಾಚೆ ಬಿಟ್ಟ ನನ್ನ ಚಪ್ಪಲಿಗಳನ್ನು ಮೆಟ್ಟಿಲ ಕಡೆ ತಿರುಗಿಸಿ, ನಡುವೆ ಒಂಚೂರು ಜಾಗ ಬಿಟ್ಟು ಇಟ್ಟಿರುತ್ತಿದ್ದರು. ಅವರ ಕಡೆ ಅದು ಅತಿಥಿಗೆ ತೋರುವ ಮರ್ಯಾದೆಯಂತೆ.

ಒಂದು ದಿನ, ಹೆಂಡತಿಗೆ ಕಾಯಿಲೆ ಜೋರಾಗಿದೆಯೆಂದು ಅವರು ತಮ್ಮ ದೇಶಕ್ಕೆ ಹೊರಟರು. ಕೋಣೆಯನ್ನು ಹೀಗೇ ಇಟ್ಟಿರಿ, ಬರುತ್ತೇನೆ ಎಂದು ನನ್ನ ಕೈ ಹಿಡಿದು ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿಕೊಂಡರು. ಮಾತು ಕೊಟ್ಟೆ. ತಿಂಗಳುಗಳು ಕಳೆದರೂ ಸುದ್ದಿಯಿಲ್ಲ. ಅಷ್ಟರಲ್ಲಿ ನಮ್ಮ ರೇಷ್ಮೆ ಹುಳುಗಳು ದೊಡ್ಡವಾಗಿ, ತಟ್ಟೆಗಳನ್ನಿಡಲು ಕೆಳಗೆ ಜಾಗ ಸಾಲದಾಯಿತು.

"ಆವಯ್ಯ ಇನ್ ಬರಾಕಿಲ್ಲ ಕಣ್ಲಾ. ಹುಳ ಸತ್ರೆ ನಾವೇನ್ ತಿನ್ನನ? ಕಿತ್ತಾಕು ಆ ಕಾಗ್ದದ್ ಬಾಗ್ಲ" ಎಂದು ಅವ್ವ ಪಟ್ಟು ಹಿಡಿದಳು. ಅವಳು ಹೇಳಿದ್ದೂ ಸರಿಯೇ.

ಮರುದಿನ ಅವ್ವ ಹುಳುಗಳಿಗೆ ಸೊಪ್ಪು ಕುಯ್ಯಲು ತೋಟಕ್ಕೆ ಹೋಗಿದ್ದಳು. ನಡು ಮಧ್ಯಾಹ್ನ. ಬೀದಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಸುತ್ತಿಗೆ ಹಿಡಿದು ಮಹಡಿ ಹತ್ತಿದೆ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಹೋಗಿ ಬಾಗಿಲೆಳೆದುಕೊಂಡೆ. ಕೈ ಏಳಲಿಲ್ಲ. ಆ ಬೆಳಕಿನಲ್ಲಿ ಚಾಪೆಯ ಮೇಲೆ ಕೂತೆ. ಕೊನೆಗೆ ಮನಸ್ಸು ಗಟ್ಟಿ ಮಾಡಿ, ಕೀಳಲೆಂದು ಬಾಗಿಲು ಸರಿಸಿದೆ.

ನನ್ನ ಚಪ್ಪಲಿಗಳು ಮೆಟ್ಟಿಲ ಕಡೆ ತಿರುಗಿದ್ದವು. ಒಂದಕ್ಕೊಂದು ಅಂಟಿಕೊಂಡು, ಒಪ್ಪವಾಗಿ.

ಬರಿಗಾಲಲ್ಲೇ ಕೆಳಗೆ ಓಡಿದೆ. ಹಾಕಿದ ಚಿಲಕ ಹಾಕಿದಂತೆಯೇ ಇತ್ತು. ಅವ್ವ ಬಂದ ಕೂಡಲೇ ಎಲ್ಲವನ್ನೂ ಹೇಳಿದೆ. ಅವಳು ಮೇಲೆ ಹೋಗಿ ನೋಡಿ ಬಂದವಳು ತಟ್ಟೆಗಳನ್ನು ನಡುಮನೆಯಲ್ಲಿ ಜೋಡಿಸಿದಳು. ಆ ರೇಷ್ಮೆ ಬೆಳೆ ಮುಗಿಯುವವರೆಗೆ ನಾವು ಜಗಲಿಯ ಮೇಲೆ ಮಲಗಿದೆವು.

ಕೆಲವು ವಾರಗಳ ನಂತರ ಆ ಜಪಾನಿನ ಹಿರಿಯರು ವಾಪಸು ಬಂದರು. ಹೆಂಡತಿ ತೀರಿಕೊಂಡಿದ್ದರು. ನಾನು ಅಳುಕುತ್ತಲೇ ನಡೆದದ್ದನ್ನು ಹೇಳಿದೆ.

"ಚಪ್ಪಲಿಗಳ ನಡುವೆ ಜಾಗ ಇತ್ತೇ?" ಎಂದು ಕೇಳಿದರು.

"ಇರಲಿಲ್ಲ, ಅಂಟಿಕೊಂಡಿದ್ದವು" ಎಂದೆ.

ಅವರು ಚಾಪೆಯ ಮೇಲೆ ಕುಸಿದು ಕೂತರು. "ಜಾಗ ಬಿಡುವವನು ನಾನು. ಹಾಗೆ ಅಂಟಿಸಿ ಇಡುತ್ತಿದ್ದವಳು ನನ್ನ ಹೆಂಡತಿ" ಎಂದರು.

ಆಕೆ ನಮ್ಮ ಊರನ್ನು ಕಂಡವರೇ ಅಲ್ಲ. ಅಂದು ನನ್ನನ್ನು ಆ ಕೋಣೆಯಿಂದ ಆಚೆಗಟ್ಟಿದರೋ, ಮನೆಗೆ ಬಂದವನಿಗೆ ಹೋಗಿ ಬನ್ನಿ ಎಂದರೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.