ಎಲ್ಲರೂ ಆರಾಮ್ ಅಂದ ಹಾಳೆ

ಡಾಕ್ಟರ್ ಆಗಲು ಬಂದವರಿಗೆ ಫೋನ್ ಮಾಡಿ ಹಾಳೆ ತುಂಬುವ ಗುಮಾಸ್ತಗಿರಿ ಯಾಕೆ ಎಂದು ನನ್ನ ವಿದ್ಯಾರ್ಥಿಗಳು ಗೊಣಗುತ್ತಾರೆ. ಗೊಣಗಲಿ. ನಾನು ಅವರ ವಯಸ್ಸಿನಲ್ಲಿ ಗೊಣಗಲಿಲ್ಲ, ಮೆರೆದೆ. ಕೆಟ್ಟದ್ದೂ ಅಲ್ಲಿಯೇ.

ಆಗ ನಾನು ಬಾಗಲಕೋಟೆಯಲ್ಲಿ ಎಂಬಿಬಿಎಸ್ ಕೊನೆಯ ವರ್ಷದಲ್ಲಿದ್ದೆ. ಕೆಲವು ಊರುಗಳ ಕಾಲೇಜುಗಳು ಸೇರಿ ಒಂದು ಅಧ್ಯಯನ ಹಮ್ಮಿಕೊಂಡಿದ್ದವು. ಹೊಟ್ಟೆಯ ಆಪರೇಷನ್ ಆದವರ ಗಾಯ ಒಂದು ತಿಂಗಳ ಮೇಲೆ ಹೇಗಿದೆ, ಎಷ್ಟು ಜನರಿಗೆ ಕೀವಾಗಿದೆ ಎಂದು ನೋಡುವುದು. ಎಲ್ಲ ಕಡೆಗೂ ಒಂದೇ ಹಾಳೆ, ಅವೇ ಐದು ಪ್ರಶ್ನೆ. ಕೇಳಿ ಬರೆಯುವುದು ವಿದ್ಯಾರ್ಥಿಗಳ ಕೆಲಸ. ನಮ್ಮ ಸರ್ಜರಿ ಸರ್ ಆಪರೇಷನ್ ಮಾಡಿದವರ ಪಟ್ಟಿ ನನ್ನ ಪಾಲಿಗೆ ಬಂತು.

ನಾನು ಹುನಗುಂದದವಳು, ಮಾತಿಗೆ ಬರವಿಲ್ಲ. "ಅಕ್ಕಾರ, ದವಾಖಾನಿಯಿಂದ ಮಾತಾಡಾಕತ್ತೇನ್ರಿ. ಆರಾಮ್ ಅದೀರಿ?" ಎನ್ನುತ್ತಿದ್ದೆ. "ಆರಾಮ್ ಅದೀನವಾ, ನೀ ಆರಾಮ?" ಎಂದು ಆ ಕಡೆಯಿಂದ ಬರುತ್ತಿತ್ತು. ಆರಾಮ್ ಎಂದವರನ್ನು ಹಿಡಿದು ಕೀವು, ಜ್ವರ, ವಾಸನೆ ಎಂದು ಕೆದಕಲು ಮನಸ್ಸು ಬರುತ್ತಿರಲಿಲ್ಲ. ಐದೂ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕಿ ಮುಂದಿನ ನಂಬರಿಗೆ ಹೋಗುತ್ತಿದ್ದೆ. ಗೆಳತಿಯರು ಇನ್ನೂ ತಿಣುಕುತ್ತಿರುವಾಗ ನನ್ನ ಪಟ್ಟಿ ಮುಗಿದಿತ್ತು.

ಸರ್ ಹಾಳೆಗಳನ್ನು ತಿರುವಿ ನಕ್ಕರು. "ಒಬ್ಬರಿಗೂ ಕೀವಾಗಿಲ್ಲ ಅನ್ನು! ಎಲ್ಲಾ ಕಾಲೇಜಿನವ್ರ ಮುಂದ ಹೇಳಿಬಿಡ್ತೇನಿ ನೋಡವಾ. ಸೋಮವಾರ ಕಳಿಸಿಬಿಡು." ಹೇಳಿಯೂ ಬಿಟ್ಟರು. ಅಚ್ಚಾಗುವ ವರದಿಯಲ್ಲಿ ನನ್ನ ಹೆಸರೂ ಇರುತ್ತದೆ ಎಂದು ನಾನು ಊರಿಗೆಲ್ಲ ಡಂಗುರ ಸಾರಿದ್ದೆ.

ಶನಿವಾರ ಅವ್ವನಿಗೆ ರವಿಕೆ ಹೊಲಿಸಲು ಕುಬಸದ ಕಣ ತರಲು ಗುಳೇದಗುಡ್ಡಕ್ಕೆ ಹೋದೆ. ಪಟ್ಟಿಯಲ್ಲಿದ್ದ ಒಬ್ಬ ನೇಕಾರ ಹೆಂಗಸಿನ ಮನೆ ಅಲ್ಲೇ ಇತ್ತು. ಎರಡು ದಿನದ ಹಿಂದೆ ಫೋನಿನಲ್ಲಿ ಮಾತಾಡಿದವಳು ನಾನೇ ಎಂದು ಹೇಳಿ ನಾಲ್ಕು ಮೆಚ್ಚುಗೆಯ ಮಾತು ಕೇಳಿ ಬರೋಣ ಎಂಬ ಜಂಬ. ಆಕೆ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ನನ್ನನ್ನು ಕಂಡು ಏಳುವಾಗ ಹೊಟ್ಟೆಗೆ ಕೈ ಒತ್ತಿ ಹಿಡಿದಳು. ಮೆಚ್ಚುಗೆ ಮರೆತೇಹೋಯಿತು. ಏನಾಗಿದೆ ಎಂದು ಕೇಳುತ್ತ ಅಲ್ಲೇ ನೆಲದ ಮೇಲೆ ಕುಳಿತೆ. ಚಹಾ ಕುಡಿಸಿದ ಮೇಲೆಯೇ ಒಳಗೆ ಕರೆದು ಸೆರಗು ಸರಿಸಿದಳು. ಹೊಲಿಗೆ ಹಾಕಿದ ಜಾಗದಲ್ಲಿ ಅರಿಶಿನ ಮೆತ್ತಿ ಹಳೆಯ ಬಟ್ಟೆ ಇಟ್ಟಿದ್ದಳು. ಬಟ್ಟೆ ಕೀವಿನಿಂದ ಒದ್ದೆಯಾಗಿತ್ತು.

"ಫೋನಿನಾಗ ಆರಾಮ್ ಅಂದಿದ್ರಲ್ರಿ?" ಎಂದೆ. ಸಿಟ್ಟು ಬಂದಿತ್ತು, ಖರೆ ಹೇಳುತ್ತೇನೆ, ಆಕೆಯ ಮೇಲೆಯೇ.

"ಅಷ್ಟು ಪ್ರೀತಿಲೆ ಆರಾಮೇನ್ರಿ ಅಂತ ಕೇಳಿದಿ. ಇಲ್ಲ ಅಂತ ಹೆಂಗನ್ನಲವಾ?"

ನಮ್ಮ ಕಡೆ ಹಾಗೆ ಅನ್ನುವುದಿಲ್ಲ. ಜ್ವರದಲ್ಲಿ ಮಲಗಿದ ನಮ್ಮ ಅಜ್ಜಿಯೂ ಕೇಳಿದವರಿಗೆ ಆರಾಮ್ ಎಂದೇ ಹೇಳುತ್ತಿದ್ದಳು, ಅದನ್ನು ನೋಡುತ್ತಲೇ ಬೆಳೆದವಳು ನಾನು. ಹಾಳೆ ಮಾಡಿದವರಿಗೆ ಇದು ಗೊತ್ತಿರಬೇಕಿಲ್ಲ, ನನಗೆ ಗೊತ್ತಿರಬೇಕಿತ್ತು. ಇವತ್ತೇ ದವಾಖಾನೆಗೆ ನಡೆಯಿರಿ ಎಂದೆ. ಜ್ವರವೇನೂ ಇರಲಿಲ್ಲ, ಹಿಡಿದ ಕಣ ಮುಗಿಸಿ ಸೋಮವಾರ ಬರುತ್ತೇನೆ ಎಂದು ಹಟ ಹಿಡಿದಳು.

"ಆಕೀದೊಂದು ತಿದ್ದಿ ಉಳಿದದ್ದು ಕಳಿಸಿಬಿಡವಾ. ಯಾರ್ ನೋಡ್ತಾರ?" ಎಂದಳು ಹಾಸ್ಟೆಲಿನ ಗೆಳತಿ. ಕಳಿಸಬಹುದಿತ್ತು. ಆದರೆ ಒಂದು ಸುಳ್ಳಾದ ಮೇಲೆ ಉಳಿದವು ಖರೆ ಎಂದು ನಂಬಲು ನಾನೇನು ಹುಚ್ಚಿಯೇ? ಭಾನುವಾರ ಪಟ್ಟಿಯ ಎಲ್ಲರಿಗೂ ಮತ್ತೆ ಫೋನ್ ಹಚ್ಚಿದೆ. ಈ ಸಲ ಐದೂ ಪ್ರಶ್ನೆ ಬಿಡಿಸಿ ಬಿಡಿಸಿ ಕೇಳಿದೆ. "ಗಾಯದಿಂದ ಬಟ್ಟಿಗೆ ಏನರ ಹತ್ತತೈತೇನ್ರಿ?" ಎಂದಾಗ ಇನ್ನೂ ನಾಲ್ವರು ಸ್ವಲ್ಪ ತಡೆದು ಹೂಂ ಎಂದರು. ಅವರಿಗೂ ನಾಳೆಯೇ ಬರ್ರಿ ಎಂದು ಹೇಳಿದೆ.

ಸೋಮವಾರ ಹೊಸ ಹಾಳೆಗಳನ್ನು ಸರ್ ಟೇಬಲ್ಲಿನ ಮೇಲಿಟ್ಟೆ.

"ಹಳೇದು ತಪ್ಪರಿ ಸರ್. ನಾ ಸರಿಯಾಗಿ ಕೇಳಿದ್ದಿಲ್ಲ. ಗುಳೇದಗುಡ್ಡದಾಕಿ ಗಾಯದಾಗ ಕೀವು ಆಗಿದ್ದು ನಾನ ನೋಡಿ ಬಂದೇನ್ರಿ."

"ನಾ ಎಲ್ಲಾರ ಮುಂದ ಹೇಳಿ ಬಂದೇನಲ್ಲವಾ," ಎಂದರು. ಮುಖ ಕಪ್ಪಿಟ್ಟಿತ್ತು. ಬಹಳ ಹೊತ್ತು ಓದಿದರು. ನನ್ನ ಹೆಸರು ವರದಿಯಿಂದ ಹೋಯಿತು ಎಂದುಕೊಂಡೆ. ಹೋದರೆ ಹೋಗಲಿ, ಹಳೆಯ ಹಾಳೆ ಮಾತ್ರ ಕಳಿಸುವುದಿಲ್ಲ ಎಂದು ಗಟ್ಟಿಯಾಗಿ ನಿಂತಿದ್ದೆ. ಕೊನೆಗೆ ಅವರು ಸಹಿ ಹಾಕಿ, "ಆ ಗುಳೇದಗುಡ್ಡದ ಹೆಣ್ಮಗಳು ಬಂದಾಳೇನು? ನಡಿ" ಎಂದು ಎದ್ದರು.

ಅವಳು ಡ್ರೆಸ್ಸಿಂಗ್ ಕೋಣೆಯ ಮಂಚದ ಮೇಲಿದ್ದಳು. ಸರ್ ಗಾಯ ನೋಡಿ ನಿಂತಲ್ಲೇ ಗದರಿದರು. "ಅಲ್ಲವಾ, ಹತ್ತು ದಿನದ ಹಿಂದ ನನ್ನ ಕಡೆ ತೋರಿಸಾಕ ಬಂದಿದ್ದಿ. ಆರಾಮೇನು ಅಂತ ನಾನೂ ಕೇಳಿದ್ದೆ. ಆಗರ ಯಾಕ ಹೇಳಲಿಲ್ಲ?"

ಆಕೆ ಸೆರಗು ಸರಿಮಾಡಿಕೊಂಡು ತಣ್ಣಗೆ ಹೇಳಿದಳು: "ನೀವು ಕೇಳಕೋತ ಮುಂದಿನವ್ರ ಕಡೆ ಹೋಗಿಬಿಟ್ರಿ ಸಾಹೇಬ್ರ. ಈಕಿ ಕುಂತ್ಲರಿ."

ಸರ್ ಮಂಚದ ಕೆಳಗಿನ ಸ್ಟೂಲು ಎಳೆದುಕೊಂಡು ಕುಳಿತರು.